ಬಲಗಡೆಯ ಖಾಲಿ ಪುಟಗಳು

"ಡಿಗ್ರಿ ನಮ್ಮ ಜನಕ್ಕೆ ದಕ್ಕೋ ವಸ್ತು ಅಲ್ಲ" ಎಂದವರು ನನ್ನ ದೊಡ್ಡಪ್ಪ ಸಾಲೊಮೋನ್. ಬೆನ್ನ ಹಿಂದೆ ಹೇಳಿದ್ದಲ್ಲ. ಭದ್ರಾವತಿಯ ನಮ್ಮ ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದು ಎಲ್ಲರೂ ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದಾಗ, ನನ್ನ ಮುಂದೆಯೇ ಅಪ್ಪನಿಗೆ ಹೇಳಿದರು.

"ದೇವದಾಸ, ನೀನು ಎಸ್ಸೆಸ್ಸೆಲ್ಸಿ ಹಾಲ್‌ನಲ್ಲಿ ತಲೆ ಸುತ್ತಿ ಬಿದ್ದೆ. ನಾನು ಎರಡು ಸಲ ಹೋಗಿ ಎರಡು ಸಲವೂ ಖಾಲಿ ಪೇಪರ್ ಕೊಟ್ಟು ಬಂದೆ. ಹೆದರಿಕೆ ನಮ್ಮ ರಕ್ತದಲ್ಲೇ ಇದೆ ಮಾರಾಯ. ಈ ಹುಡುಗೀನ ಯಾಕೆ ದಿನಾ ಶಿವಮೊಗ್ಗಕ್ಕೆ ಕಳಿಸ್ತೀಯ? ಅದೂ ಓದೋದೇನು, ಆದಾಯ ತೆರಿಗೆ! ಆದಾಯನೇ ಕಾಣದ ಮನೇಲಿ ತೆರಿಗೆ ಓದ್ತಾಳಂತೆ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನನಗೆ ನಗು ಬರಲಿಲ್ಲ, ಏಕೆಂದರೆ ದೊಡ್ಡಪ್ಪ ಹೇಳಿದ ಹೆದರಿಕೆ ನನ್ನೊಳಗೆ ಇರುವುದು ನನಗೆ ಗೊತ್ತಿತ್ತು. ಪ್ರಶ್ನೆಪತ್ರಿಕೆ ಕೈಗೆ ಬಂದರೆ ಮೊದಲ ಕಾಲು ಗಂಟೆ ನನ್ನ ಬಲಗೈ ನನ್ನದಾಗಿರುತ್ತಿರಲಿಲ್ಲ.

ನಮ್ಮ ಮನೆತನದ ಮೊದಲ ಪದವೀಧರೆ ನಾನು. ಈ ಮಾತನ್ನು ಮೆಲ್ಲಗೆ ಹೇಳುವ ಅಭ್ಯಾಸ ನನಗಿಲ್ಲ. ಆದರೆ ಅದು ಕೈಗೆ ಬಂದ ವರ್ಷದ ಬಗ್ಗೆ ನಾನು ಇದುವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಕಳೆದ ತಿಂಗಳು ಸವಳಂಗ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಈಗ ನಾನು ವಿನೋಬನಗರದ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್‌ನಲ್ಲಿ ಕೂರುತ್ತೇನೆ. ನಿಂತಿದ್ದ ಜಾಗದ ಹಿಂದೆ ಒಂದು ಬೈಂಡಿಂಗ್ ಅಂಗಡಿ. ಒಳಗೆ ಯಾರೋ ಮೈದಾ ಅಂಟು ಕುದಿಸುತ್ತಿದ್ದರು. ಹುಳ ಬೀಳದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಆ ಹುಳಿ ಮಿಶ್ರಿತ ಬಿಸಿ ವಾಸನೆ ಮೂಗಿಗೆ ಬಡಿಯಿತು. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಅದು ಅಪ್ಪನ ವಾಸನೆ.

ಅಪ್ಪ ಕಾಗದದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರನಾಗಿದ್ದ. ಕಟ್ಟಿಂಗ್ ವಿಭಾಗ. ಕಾರ್ಖಾನೆ ನಿಂತ ಮೇಲೆ ಮನೆಯಲ್ಲೇ ಕೂತು ಕಾಲೇಜು ಹುಡುಗರ ರೆಕಾರ್ಡ್ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದ. ಕೆಲಸ ಹೋದರೂ ಒಂದು ಅಭ್ಯಾಸ ಹೋಗಲಿಲ್ಲ. ಮದುವೆ ಕರೆಯೋಲೆ ಇರಲಿ, ಔಷಧಿ ಚೀಟಿ ಇರಲಿ, ಕೈಗೆ ಬಂದ ಯಾವ ಕಾಗದವನ್ನೂ ಮೊದಲು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ, ಆಮೇಲೆ ಓದುತ್ತಿದ್ದ. "ಕಾಗದಕ್ಕೂ ಮರದ ಹಾಗೆ ನಾರಿರುತ್ತೆ ಮಗಳೇ. ಒಳಗೆ ಹೇಗಿದೆ ಅಂತ ಬೆಳಕು ಹೇಳ್ಬಿಡುತ್ತೆ" ಅನ್ನುತ್ತಿದ್ದ.

ಆ ವರ್ಷ ಶುರುವಾದದ್ದು ವಾಗ್ದಾನದ ಚೀಟಿಯಿಂದ. ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ಒಂದು ತಟ್ಟೆ ಸುತ್ತು ಬರುತ್ತದೆ. ಅದರಲ್ಲಿ ಬೈಬಲಿನ ವಾಕ್ಯಗಳನ್ನು ಅಚ್ಚು ಹಾಕಿದ ಚೀಟಿಗಳು ಮಗುಚಿಕೊಂಡಿರುತ್ತವೆ. ಮನೆಗೊಬ್ಬರು ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು, ಆ ವರ್ಷಕ್ಕೆ ಆ ಮನೆಯ ವಾಕ್ಯ ಅದು. ನಮ್ಮ ಮನೆಯಿಂದ ಅಮ್ಮ ಎತ್ತಿದಳು. ಅಮ್ಮನಿಗೆ ಓದಲು ಬರುವುದಿಲ್ಲ, ನಾನು ಓದಿದೆ. ಯಾವುದಕ್ಕೂ ಚಿಂತೆ ಮಾಡಬೇಡಿ ಎಂಬ ಅರ್ಥದ ವಾಕ್ಯ. ಅಪ್ಪ ಚೀಟಿಯನ್ನು ಬೆಳಕಿಗೆ ಹಿಡಿದು, ಕೆಮ್ಮಿ, "ಕಳಿಸಿದೋನಿಗೆ ನಮ್ಮನೆ ಅಡ್ರೆಸ್ ಚೆನ್ನಾಗಿ ಗೊತ್ತು ನೋಡು ರೂತಮ್ಮ. ಕಾಗದ ಮಾತ್ರ ಅಗ್ಗದ್ದು" ಅಂದ. ಅಮ್ಮ ಅದನ್ನು ಬಾಗಿಲ ಮೇಲೆ ಅಂಟಿಸಿದಳು.

ಆ ಕೆಮ್ಮು ಜನವರಿ ಪೂರ್ತಿ ನಿಲ್ಲಲಿಲ್ಲ. ತಿಂಗಳ ಕೊನೆಯಲ್ಲಿ ಅಪ್ಪನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ಡಾಕ್ಟರು ಎಕ್ಸ್‌ರೇ ನೋಡಿ, ಅಪ್ಪನನ್ನು ಹೊರಗೆ ಕೂರಿಸಿ, ನನ್ನೊಬ್ಬಳಿಗೇ ಹೇಳಿದರು. ಶ್ವಾಸಕೋಶ ಗಟ್ಟಿಯಾಗಿದೆ, ವಾಪಸ್ ಸರಿಯಾಗುವಂಥದ್ದಲ್ಲ, ಒಂದು ವರ್ಷ ದಾಟುವುದು ಕಷ್ಟ. ಹೊರಗೆ ಬಂದರೆ ಅಪ್ಪ ಬೆಂಚಿನ ಮೇಲೆ ಕೂತು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದಿದ್ದ. ನನ್ನ ಮುಖ ನೋಡಿದ. "ಗೊತ್ತಾಯ್ತು ಬಿಡು" ಅಂದ. ಆಮೇಲೆ ನನ್ನಿಂದ ಮಾತು ತೆಗೆದುಕೊಂಡ, ಅಮ್ಮನಿಗೆ ಹೇಳಬಾರದು ಅಂತ.

ಮಾರನೆಯ ದಿನ ಐದನೇ ಸೆಮಿಸ್ಟರ್‌ನ ಆದಾಯ ತೆರಿಗೆ ಪರೀಕ್ಷೆ. ಕೈ ನಡುಗಿತು. ಕಾಲು ಗಂಟೆ ಕಾದೆ, ಅರ್ಧ ಗಂಟೆ ಕಾದೆ, ನಡುಕ ನಿಲ್ಲಲಿಲ್ಲ. ನನ್ನ ನಂಬರು ಬಿಟ್ಟು ಇನ್ನೇನೂ ಬರೆಯದ ಪೇಪರನ್ನು ಕೊಟ್ಟು ಎದ್ದು ಬಂದೆ. ದೊಡ್ಡಪ್ಪ ಮಾಡಿದ್ದನ್ನೇ ಮಾಡಿದೆ. ಮನೆಗೆ ಬಂದು "ಚೆನ್ನಾಗಿ ಬರೆದೆ" ಅಂದೆ. ಫಲಿತಾಂಶ ಬಂದಾಗ "ಎಲ್ಲಾ ಪಾಸು" ಅಂದೆ. ಆ ವಿಷಯವನ್ನು ಮತ್ತೆ ಬರೆಯಲು ಡಿಸೆಂಬರ್‌ವರೆಗೆ ಕಾಯಬೇಕಿತ್ತು.

ಭಾನುವಾರದ ಶಾಲೆಯಲ್ಲಿ ನನಗೆ ಕಲಿಸಿದ್ದ ಲಿಲ್ಲಿ ಟೀಚರ್‌ಗೆ ನನ್ನಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಒಂದು ಭಾನುವಾರ ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ನಾನು ಅತ್ತೆ, ವಿಷಯ ಹೇಳಲಿಲ್ಲ. ಅವರೂ ಕೇಳಲಿಲ್ಲ.

"ಚಿಂತೆ ಮಾಡಬೇಡ ಅಂತ ನಾನು ಹೇಳಲ್ಲ ಮಾರಾಯ್ತಿ. ಆ ಮಾತು ಕೇಳಿ ಚಿಂತೆ ಬಿಟ್ಟೋರನ್ನ ನಾನಂತೂ ನೋಡಿಲ್ಲ. ಒಂದು ಪುಸ್ತಕ ಇಟ್ಕೋ. ಎಡಗಡೆ ಪುಟದಲ್ಲಿ ಇರೋ ಚಿಂತೆನೆಲ್ಲಾ ಬರಿ, ದೇವರ ಹತ್ರ ಏನು ನಾಚಿಕೆ? ಬಲಗಡೆ ಖಾಲಿ ಬಿಡು. ಅದು ಆತನ ಪುಟ. ಏನಾದ್ರೂ ಮಾಡಿದಾಗ ತಾರೀಕು ಹಾಕಿ ಬರಿ."

ನನಗೊಂದು ನೋಟ್‌ಬುಕ್ ಬೇಕು ಅಂತ ಅಪ್ಪನಿಗೆ ಹೇಳಿದೆ. ಕಾರ್ಖಾನೆ ನಿಲ್ಲುವ ಮುಂಚೆ ಕೆಲಸಗಾರರಿಗೆ ಮಾರಿದ್ದ ಒಳ್ಳೆಯ ಹಾಳೆಗಳ ಒಂದು ಕಟ್ಟು ಅವನ ಬಳಿ ಉಳಿದಿತ್ತು. ಅದನ್ನು ಹೊಲಿದು, ಅಂಟು ಹಾಕಿ, ಕೆಂಪು ಬಟ್ಟೆಯ ರಟ್ಟು ಕಟ್ಟಿಕೊಟ್ಟ. ಬಟ್ಟೆ ಮಿಕ್ಕಿತ್ತು. ಅದನ್ನು ಅಮ್ಮನ ಸಾಕ್ಷಿ ಪುಸ್ತಕಕ್ಕೂ ಹಾಕಿದ.

ಸಾಕ್ಷಿ ಪುಸ್ತಕ ಅಂದರೆ ಏನೆಂದು ಹೇಳಬೇಕು. ನಮ್ಮಲ್ಲಿ ವಾರಕ್ಕೊಂದು ಮನೆಯಲ್ಲಿ ಪ್ರಾರ್ಥನೆ ಕೂಟ ನಡೆಯುತ್ತದೆ. ಕೂಟ ಯಾರ ಮನೆಯಲ್ಲೋ ಅವರು ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳಬೇಕು. ಅಮ್ಮನಿಗೆ ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ. ಹಾಗಾಗಿ ಅವಳು ಹೇಳಿದ್ದನ್ನು ನಾನು ಬರೆದಿಡುತ್ತಿದ್ದೆ, ಸಭೆಯ ಹಿರಿಯರಾದ ದೊಡ್ಡಪ್ಪ ಓದುತ್ತಿದ್ದರು. ದೊಡ್ಡಪ್ಪ ಒಂದೊಂದೇ ಪದವನ್ನು ಕಚ್ಚಿ ಕಚ್ಚಿ ಓದುತ್ತಾರೆ. ಅರ್ಥ ಅವರಿಗೂ ಕೇಳುವವರಿಗೂ ಒಟ್ಟಿಗೇ ತಲುಪುತ್ತದೆ. ಒಂದು ಸಾಲು ಮುಗಿದರೆ ದೇವರಿಗೆ ವಂದನೆಯಾಗಿ "ಸ್ತೋತ್ರ" ಅನ್ನುತ್ತಾರೆ, ಕೂತವರೆಲ್ಲ "ಸ್ತೋತ್ರ" ಅನ್ನುತ್ತಾರೆ. ಮತ್ತೆ ಮುಂದಿನ ಸಾಲು.

ಫೆಬ್ರವರಿಯಿಂದ ಜುಲೈವರೆಗೆ ನನ್ನ ಪುಸ್ತಕದ ಎಡಗಡೆಯ ನಲವತ್ತು ಪುಟಗಳು ತುಂಬಿದವು. ಹೆಚ್ಚಿನದೆಲ್ಲ ಬೆಳಗಿನ ರೈಲಿನಲ್ಲಿ ಬರೆದದ್ದು. ಜೊತೆಗೆ ಓಡಾಡುತ್ತಿದ್ದ ಸಹಪಾಠಿ ಶಬಾನಾ ಒಮ್ಮೆ ಇಣುಕಿ, "ಏನೇ ಇದು, ಮೇಲಿನೋರಿಗೆ ಅರ್ಜಿನಾ? ಸೀಲ್ ಬಿದ್ದು ವಾಪಸ್ ಬರೋದು ಯಾವಾಗ?" ಅಂದಳು. ನಾನು ಬಲಗಡೆಯ ಪುಟಗಳನ್ನು ತಿರುವಿ ತೋರಿಸಿದೆ. ಒಂದಕ್ಷರ ಇರಲಿಲ್ಲ. ಅವಳು ನಗು ನಿಲ್ಲಿಸಿ, "ಇರ್ಲಿ ಬಿಡು, ಎಲ್ಲಾ ಆಫೀಸಲ್ಲೂ ಲೇಟೇ" ಅಂದು ಕಿಟಕಿ ಕಡೆ ತಿರುಗಿದಳು.

ಅಷ್ಟರಲ್ಲಿ ಅಪ್ಪನಿಗೆ ಸೂಜಿ ದಾರ ಎಳೆಯುವಷ್ಟು ಉಸಿರೂ ಉಳಿದಿರಲಿಲ್ಲ. ಎರಡು ಹೊಲಿಗೆ ಹಾಕಿ ಗೋಡೆಗೆ ಒರಗುತ್ತಿದ್ದ. ಅಮ್ಮ "ಮಳೆಗಾಲದ ಶೀತ" ಅನ್ನುತ್ತಿದ್ದಳು, ಮೆಣಸಿನ ಕಷಾಯ ಕೊಡುತ್ತಿದ್ದಳು. ಅಪ್ಪ ಕುಡಿಯುತ್ತಿದ್ದ. ನಾನು ನೋಡುತ್ತಿದ್ದೆ.

ಜುಲೈನಲ್ಲಿ ಒಂದು ಸಂಜೆ ನಮ್ಮ ಮನೆಯಲ್ಲಿ ಕೂಟ. ಹೊರಗೆ ಮಳೆ, ಒಳಗೆ ಹದಿನೈದು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಬಾಗಿಲ ಬಳಿ ಒದ್ದೆ ಕೊಡೆಗಳ ರಾಶಿ. ನಾನು ಅಡುಗೆಮನೆಯಲ್ಲಿ ಲೋಟಗಳಿಗೆ ಟೀ ಬಗ್ಗಿಸುತ್ತಿದ್ದೆ. ಹಾಡು ಮುಗಿಯಿತು. ಅಮ್ಮ ಕಪಾಟಿನಿಂದ ಕೆಂಪು ಪುಸ್ತಕ ತೆಗೆದು ದೊಡ್ಡಪ್ಪನ ಕೈಗೆ ಕೊಟ್ಟಳು. ಅವಳಿಗೆ ಗುರುತು ರಟ್ಟಿನದು, ಅಕ್ಷರದ್ದಲ್ಲ.

ದೊಡ್ಡಪ್ಪ ಕನ್ನಡಕ ಹಾಕಿ ಮೊದಲ ಪುಟ ತೆರೆದರು.

"ಅಪ್ಪನ... ಎದೆ... ಇನ್ನು ಸರಿ ಹೋಗುವುದಿಲ್ಲ... ಎಂದು ಡಾಕ್ಟರ್ ಹೇಳಿದರು. ಸ್ತೋತ್ರ."

"ಸ್ತೋತ್ರ" ಎಂದರು ಎಲ್ಲರೂ.

ನನ್ನ ಕೈಯಲ್ಲಿದ್ದ ಪಾತ್ರೆ ಹಾಗೇ ನಿಂತಿತು. ಓಡಿ ಹೋಗಿ ಕಸಿದುಕೊಳ್ಳಬೇಕು ಅನ್ನಿಸಿತು. ಬಾಗಿಲಿಗೆ ಬರುವಷ್ಟರಲ್ಲಿ ಮುಂದಿನ ಸಾಲು ಶುರುವಾಗಿತ್ತು.

"ಒಂದು ವರ್ಷ... ದಾಟುವುದು ಕಷ್ಟ. ಅಮ್ಮನಿಗೆ... ಹೇಳಬೇಡ... ಎಂದು ಅಪ್ಪ ಮಾತು ತೆಗೆದುಕೊಂಡ. ಸ್ತೋ..."

ಅರ್ಧಕ್ಕೆ ನಿಂತಿತು. ಈ ಸಲ ಯಾರೂ ದನಿಗೂಡಿಸಲಿಲ್ಲ. ದೊಡ್ಡಪ್ಪ ಪುಸ್ತಕ ಮುಚ್ಚಲು ಹೋದರು.

"ಓದಿ ಭಾವ" ಅಂದಳು ಅಮ್ಮ. ನಾಲ್ಕು ಜನರ ಮುಂದೆ ಬಾಯಿ ಬಿಡದ ನನ್ನಮ್ಮ. "ನಿಲ್ಲಿಸ್ಬೇಡಿ. ಓದಿ."

ಅವರು ಓದಿದರು. ನಾನು ಪರೀಕ್ಷೆಯಿಂದ ಎದ್ದು ಬಂದದ್ದು, ಚೆನ್ನಾಗಿ ಬರೆದೆ ಎಂದು ಸುಳ್ಳು ಹೇಳಿದ್ದು. ಆ ಪುಟದ ಕೊನೆಯ ಸಾಲನ್ನೂ ಓದಿದರು. "ದೊಡ್ಡಪ್ಪ ಹೇಳಿದ್ದೇ ನಿಜ. ನಮಗೆ ಇದು ಆಗುವುದಿಲ್ಲ." ತಮ್ಮ ಮಾತು ತಮ್ಮ ಬಾಯಿಂದಲೇ ಬಂದಾಗ ಪುಸ್ತಕವನ್ನು ಮಡಿಲಿಗೆ ಇಳಿಸಿದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

ಅಪ್ಪ ಮೂಲೆಯಲ್ಲಿ ಗೋಡೆಗೆ ಒರಗಿದ್ದ. ಪುಸ್ತಕವನ್ನು ಕೇಳಿ ಇಸಿದುಕೊಂಡು ರಟ್ಟು ಸವರಿ, "ಎರಡಕ್ಕೂ ಒಂದೇ ಬಟ್ಟೆ ಹಾಕಿದ್ದು ನನ್ನ ತಪ್ಪು ರೂತಮ್ಮ" ಅಂದ.

ಜನ ಟೀ ಕುಡಿಯದೆ ಎದ್ದರು. ಲಿಲ್ಲಿ ಟೀಚರ್ ಮಾತ್ರ ಉಳಿದು, ಅಮ್ಮನ ಪಕ್ಕ ಕೂತು, ಅವಳ ಕೈ ಒತ್ತಿ ಹೋದರು. ಅಮ್ಮ ತುಂಬಿದ ಹದಿನೈದು ಲೋಟಗಳ ಟೀಯನ್ನು ಒಂದೊಂದಾಗಿ ಬಚ್ಚಲಿಗೆ ಸುರಿದು ತೊಳೆದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ ಕೂತು, "ಕೃಪಾ, ಆ ಪುಸ್ತಕ ತಗೊಂಡು ಬಾ. ಬರ್ದಿದ್ದೆಲ್ಲಾ ಓದು" ಅಂದಳು. ನಲವತ್ತು ಪುಟ ಓದಿದೆ. ಮಧ್ಯೆ ಒಂದು ಸಲ ನಿಲ್ಲಿಸಿ ಅವಳ ಮುಖ ನೋಡಿದೆ. ಅವಳು ಸೊಪ್ಪಿನ ಮೇಲೆ ಕಣ್ಣಿಟ್ಟಿದ್ದಳು.

"ಬಲಗಡೆ ಏನಿದೆ?"

"ಖಾಲಿ ಅಮ್ಮ. ಅದು ದೇವರು ಮಾಡಿದ್ದನ್ನ ಬರೆಯೋಕೆ."

"ಆರು ತಿಂಗಳಿಂದ ಏನೂ ಮಾಡ್ಲಿಲ್ವಾ ಆತ?"

ನಾನು ಪುಸ್ತಕ ಮಡಚಿದೆ.

ಅಮ್ಮ ಕಡ್ಡಿಗಳನ್ನು ಒಂದೆಡೆ ಸರಿಸಿದಳು. "ಇವತ್ತು ನಿಮ್ಮಪ್ಪ ಎರಡು ಇಡ್ಲಿ ತಿಂದ್ರು. ಬರಿ."

"ಅದನ್ನೆಲ್ಲಾ ಬರೆಯೋದಲ್ಲ ಇದು."

"ದೊಡ್ಡದು ಬರ್ಲಿ ಅಂತ ಖಾಲಿ ಬಿಟ್ರೆ ಒಳ್ಳೇ ಕಾಗದ ದಂಡ. ಅವರು ಕೈಯಾರೆ ಹೊಲಿದಿರೋದು. ಬರಿ ನೀನು."

ಬರೆದೆ. ಅಂದಿನಿಂದ ದಿನಾ ಬೆಳಿಗ್ಗೆ ಅಮ್ಮ ಹೇಳುವುದು, ನಾನು ಬಲಗಡೆ ಬರೆಯುವುದು. ಪಕ್ಕದ ಮನೆಯವರು ಕೇಳದೆ ಮೀನು ಸಾರು ಕೊಟ್ಟರು. ಅಪ್ಪ ಕೂತೇ ಒಂದು ಗಂಟೆ ನಿದ್ದೆ ಮಾಡಿದ. ಮಳೆ ನಿಂತು ಬಟ್ಟೆ ಒಣಗಿತು. ಕೆಲವು ದಿನ ಅಮ್ಮ ತುಂಬ ಯೋಚಿಸಿ, "ಇವತ್ತು ಏನೂ ಇಲ್ಲ, ಹಾಗೇ ಬರಿ" ಅನ್ನುತ್ತಿದ್ದಳು. ಅದನ್ನೂ ಬರೆದೆ. ಅಪ್ಪ ಗುಣವಾದ ಎಂದು ಬರೆಯುವ ದಿನ ಬರಲಿಲ್ಲ. ಬರುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಮೂವರಿಗೂ ಗೊತ್ತಿದ್ದದ್ದರಿಂದ ಮನೆಯಲ್ಲಿ ಯಾರೂ ಕಳ್ಳರ ಹಾಗೆ ಓಡಾಡಬೇಕಾಗಿರಲಿಲ್ಲ. ಆಗಿದ್ದು ಅಷ್ಟೇ.

ಆಗಸ್ಟ್‌ನಲ್ಲಿ ಆರನೇ ಸೆಮಿಸ್ಟರ್ ಪರೀಕ್ಷೆಗಳನ್ನು ಹೇಗೋ ದಾಟಿದೆ. ಉಳಿದದ್ದು ಆ ಒಂದು ವಿಷಯ.

ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಅಪ್ಪ ಕೊನೆಯದಾಗಿ ಒಂದು ರೆಕಾರ್ಡ್ ಪುಸ್ತಕಕ್ಕೆ ಅಂಟು ಹಚ್ಚಿದ. ಅರ್ಧಕ್ಕೆ ಕೈ ಸೋತಿತು. ಉಳಿದದ್ದನ್ನು ನಾನು ಹಚ್ಚಿದೆ. "ಮೇಲೆ ಕಲ್ಲಿಡು, ಇಲ್ದಿದ್ರೆ ರಟ್ಟು ಸೊಟ್ಟಗಾಗುತ್ತೆ" ಅಂದ. ಕಲ್ಲಿಟ್ಟೆ. ಅಂಟು ಒಣಗುವ ಮುಂಚೆ ಅಪ್ಪ ಹೋಗಿಬಿಟ್ಟ. ಮೂರು ದಿನ ಬಿಟ್ಟು ಆ ಹುಡುಗ ತನ್ನ ರೆಕಾರ್ಡ್ ಕೇಳಿಕೊಂಡು ಬಂದ. ಕಲ್ಲು ತೆಗೆದು ಕೊಟ್ಟೆ. ರಟ್ಟು ನೇರವಾಗಿತ್ತು.

ಆ ತಾರೀಕಿನ ಬಲಗಡೆಗೆ ಏನು ಬರೆಯಲಿ ಎಂದು ಅಮ್ಮನನ್ನು ಕೇಳಿದೆ. ಅವಳು ತಲೆಯಾಡಿಸಿದಳು. "ಅದು ಬೇಡ. ಅದು ಖಾಲಿ ಇರ್ಲಿ." ಇವತ್ತಿಗೂ ಖಾಲಿ ಇದೆ. ಆ ಪುಟದ ಬಗ್ಗೆ ದೇವರ ಹತ್ತಿರ ನನ್ನದೊಂದು ಜಗಳ ಬಾಕಿ ಇದೆ. ಅದನ್ನು ಮುಚ್ಚಿಡುವುದಿಲ್ಲ.

ಡಿಸೆಂಬರ್‌ನಲ್ಲಿ ಪರೀಕ್ಷೆ. ಓದಿದ್ದೆ, ಆದರೆ ಪಾಸಾಗುತ್ತೇನೆ ಎಂಬ ನಂಬಿಕೆ ಒಂದಿಷ್ಟೂ ಇರಲಿಲ್ಲ. ಭದ್ರಾವತಿ ಸ್ಟೇಷನ್ನಿಗೆ ಬಂದರೆ ಪ್ಲಾಟ್‌ಫಾರಂನ ಬೆಂಚಿನ ಮೇಲೆ ದೊಡ್ಡಪ್ಪ ಕೂತಿದ್ದರು. ಜುಲೈನ ಆ ಸಂಜೆಯಿಂದ ಅವರು ಯಾರ ಮನೆಯ ಕೂಟದಲ್ಲೂ ಸಾಕ್ಷಿ ಓದಿರಲಿಲ್ಲ. ಸ್ತೋತ್ರ ಎಂದದ್ದನ್ನೂ ನಾನು ಕೇಳಿರಲಿಲ್ಲ. ಕೊನೆಯ ಸಾಲಿನಲ್ಲಿ ಕೂತು ಎದ್ದು ಹೋಗುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ರೈಲು ಬಂತು. ನಾನು ಹತ್ತಿದ ಮೇಲೆ ಕಿಟಕಿಯ ಬಳಿ ಬಂದರು.

"ಕೈ ನಡುಗುತ್ತೆ ಕಣಮ್ಮಾ. ನಡುಗೇ ನಡುಗುತ್ತೆ. ನಿಲ್ಲಲಿ ಅಂತ ಕಾಯ್ಬೇಡ. ನಡುಗೋ ಕೈಯಲ್ಲೇ ಬರಿ. ನಂಗೆ ಇದನ್ನ ಅವತ್ತು ಯಾರೂ ಹೇಳ್ಲಿಲ್ಲ."

ಕೈ ನಡುಗಿತು. ಉತ್ತರಪತ್ರಿಕೆಯಲ್ಲಿ ರಫ್ ಕೆಲಸಕ್ಕೆ ಬಿಡುವ ಕೊನೆಯ ಪುಟವನ್ನು ಮೊದಲು ತೆರೆದೆ. ಎಡಗಡೆ ಬರೆಯುತ್ತಿದ್ದ ಹಾಗೆ ಬರೆದೆ. "ನಡುಗುತ್ತಿದೆ. ಅಪ್ಪ ಇಲ್ಲ. ಈ ಪರೀಕ್ಷೆಯೂ ಹೋಗುತ್ತದೆ." ಅದರ ಮೇಲೆ ಅಡ್ಡ ಗೀಟು ಎಳೆದು, ಮೊದಲ ಪುಟಕ್ಕೆ ಬಂದು ಸೊಟ್ಟ ಸೊಟ್ಟ ಅಕ್ಷರದಲ್ಲಿ ಒಂದನೇ ಪ್ರಶ್ನೆ ಶುರು ಮಾಡಿದೆ. ಮೂರು ಗಂಟೆ ಕಳೆದರೂ ನಡುಕ ಪೂರ್ತಿ ನಿಲ್ಲಲಿಲ್ಲ. ಎದ್ದು ಮಾತ್ರ ಬರಲಿಲ್ಲ.

ಪಾಸಾಯಿತು. ಹೇಳಿಕೊಳ್ಳುವಂಥ ಅಂಕಗಳಲ್ಲ, ಆದರೆ ಒಂದೊಂದೂ ನನ್ನವು.

ಕ್ಲಿನಿಕ್ಕಿನಲ್ಲಿ ನನ್ನ ಮುಂದೆ ದಿನಾ ಜನ ರಿಪೋರ್ಟು ಹಿಡಿದು ಕೂರುತ್ತಾರೆ. ಒಳಗೆ ಕರೆಯುವವರೆಗೆ ಅವರ ಕೈಗಳನ್ನು ನೋಡುತ್ತೇನೆ. ಕೆಲವರು ಮಾತಿಗೆ ಬಂದರೆ ಪುಸ್ತಕದ ವಿಷಯ ಹೇಳುತ್ತೇನೆ. ನಿನ್ನ ಚಿಂತೆ ಹೋಯಿತಾ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಹೆದರಿದ್ದೆಲ್ಲ ನಿಜವಾಗಿಯೇ ನಡೆಯಿತು. ನಾನು ಕೇಳಿದ್ದನ್ನು ದೇವರು ಕೊಡಲಿಲ್ಲ. ಆದರೂ ಬರೆಯಿರಿ, ಬರೆದದ್ದನ್ನು ಮನೆಯಲ್ಲಿ ಒಬ್ಬರಿಗಾದರೂ ಓದಿ ಹೇಳಿ ಎನ್ನುತ್ತೇನೆ. ಪ್ರಾರ್ಥನೆಯ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ಇದಕ್ಕಿಂತ ಹೆಚ್ಚು ಹೇಳಿದರೆ ಅಪ್ಪನಿಗೆ ಸುಳ್ಳು ಹೇಳಿದ ಹಾಗೆ.

ಪದವಿ ಪತ್ರ ಕಾಲೇಜಿಗೆ ಬರುವ ಹೊತ್ತಿಗೆ ಇನ್ನೊಂದು ಮಳೆಗಾಲ ಮುಗಿದಿತ್ತು. ಅಮ್ಮ ಬರುತ್ತೇನೆಂದಳು. ದೊಡ್ಡಪ್ಪನೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ವೇದಿಕೆ, ಚಪ್ಪಾಳೆ ಏನೂ ಇರಲಿಲ್ಲ. ಆಫೀಸಿನ ಕೌಂಟರ್‌ನಲ್ಲಿ ಗುಮಾಸ್ತರು ರಿಜಿಸ್ಟರ್ ತಿರುಗಿಸಿ, "ಇಲ್ಲೊಂದು ಸೈನ್ ಮಾಡಮ್ಮ, ತಾರೀಕು ಹಾಕು" ಅಂದರು. ಪತ್ರ ಕೊಟ್ಟರು. ಹಿಂದಿನವರಿಗೆ ಜಾಗ ಬಿಟ್ಟು ನಾವು ವರಾಂಡಕ್ಕೆ ಬಂದೆವು.

ನಾನು ಅದನ್ನು ಅಮ್ಮನ ಕೈಗೆ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಕಿಟಕಿಯ ಬಳಿ ಹೋಗಿ ಎರಡೂ ಕೈಯಲ್ಲಿ ಬೆಳಕಿಗೆ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು. ಆಮೇಲೆ ತಿರುಗಿ ಅದನ್ನು ದೊಡ್ಡಪ್ಪನ ಮುಂದೆ ಚಾಚಿದಳು.

"ಓದಿ ಭಾವ."

ದೊಡ್ಡಪ್ಪ ಕನ್ನಡಕ ಹಾಕಿದರು. ಕನ್ನಡದ ಸಾಲುಗಳನ್ನು ಒಂದೊಂದೇ ಪದ ಕಚ್ಚಿ ಓದಿದರು. ನನ್ನ ಹೆಸರು, ಪದವಿಯ ಹೆಸರು, ದರ್ಜೆ. ಕೊನೆಯ ಸಾಲು ಮುಗಿಯಿತು. ಅವರ ತುಟಿ ಒಂದು ಸಲ ಅಲುಗಿ ನಿಂತಿತು. ಪತ್ರವನ್ನು ನನ್ನ ಕಡೆ ಚಾಚಿದರು.

ಅಮ್ಮ ಅವರ ಕೈ ತಡೆದಳು.

"ಅವತ್ತು ಆ ಪುಸ್ತಕಕ್ಕೆ ಸ್ತೋತ್ರ ಹೇಳಿದ್ರಲ್ಲ ಭಾವ, ಇವತ್ತು ಇದಕ್ಕೂ ಹೇಳ್ಬಿಡಿ."